ಮಸ್‌ಅಲ ಕೇಳಿದ ಮೇಲೆ ಡಾಕ್ಟರನ್ನೂ ಕೇಳಿ: ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ನಮ್ಮ ಮನೆಗಳಲ್ಲಿ ತಿಳಿದಿರಬೇಕಾದದ್ದು



ಕಳೆದ ತಿಂಗಳು ಎರಡು ಜುಮಾಗಳಲ್ಲಿ ಈ ವಿಷಯವನ್ನು ಸ್ವಲ್ಪ ಸ್ವಲ್ಪ ಹೇಳಿದ್ದೆ. ಆದರೆ ಮಿಂಬರ್‌ನಿಂದ ಎಲ್ಲವನ್ನೂ ಬಿಡಿಸಿ ಹೇಳಲಾಗುವುದಿಲ್ಲ. ಸಣ್ಣ ಮಕ್ಕಳು ಕೂತಿರುತ್ತಾರೆ, ಸಮಯವೂ ಕಡಿಮೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಮಾತು ಮುಖ್ಯವಾಗಿ ಯಾರನ್ನು ತಲುಪಬೇಕೋ ಆ ತಾಯಂದಿರು, ಸಹೋದರಿಯರು ಹೆಚ್ಚಿನ ಕಡೆ ಜುಮಾಕ್ಕೆ ಬಂದಿರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಗಂಡಸರು ಓದಿ ಮಡಚಿಡಬೇಡಿ, ಮನೆಯ ಹೆಂಗಸರ ಕೈಗೆ ಕೊಡಿ. ಓದಲು ಬಾರದ ಉಮ್ಮ, ಅಜ್ಜಿ ಇದ್ದರೆ ಮಗಳೋ ಸೊಸೆಯೋ ಓದಿ ಹೇಳಲಿ.

ಒಂದು ತಪ್ಪಿನಿಂದ ಆರಂಭಿಸುತ್ತೇನೆ. ತಪ್ಪು ನನ್ನದೇ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಮಸೀದಿಯಲ್ಲಿದ್ದೆ. ಒಂದು ದಿನ ಮಗ್ರಿಬ್ ಮುಗಿದ ಮೇಲೆ ಒಬ್ಬ ಯುವಕ ಹೊರಗೆ ಚಪ್ಪಲಿ ಇಡುವಲ್ಲಿ ನನಗಾಗಿ ಕಾದು ನಿಂತಿದ್ದ. “ಉಸ್ತಾದ್, ಉಮ್ಮನಿಗೆ ಒಂದು ಮಸ್‌ಅಲ ಕೇಳಬೇಕಂತೆ” ಎಂದ. ತಲೆ ತಗ್ಗಿಸಿಯೇ ಹೇಳಿದ. ಉಮ್ಮನಿಗೆ 55 ದಾಟಿದೆ, ಮುಟ್ಟು ನಿಂತು ಐದಾರು ವರ್ಷವಾಗಿದೆ. ಈಗ ಮತ್ತೆ ಆಗಾಗ ರಕ್ತದ ಕಲೆ ಕಾಣಿಸುತ್ತದೆ, ಸ್ವಲ್ಪ ಹೊತ್ತಿನಲ್ಲೇ ನಿಲ್ಲುತ್ತದೆ. ನಮಾಝ್ ಮಾಡಬಹುದೋ ಬಾರದೋ?

ನಾನು ಇಸ್ತಿಹಾಝಾದ ನಿಯಮ ಹೇಳಿಕೊಟ್ಟೆ. ಶುದ್ಧಿ ಮಾಡಿಕೊಳ್ಳಬೇಕು, ಬಟ್ಟೆ ಕಟ್ಟಿಕೊಳ್ಳಬೇಕು, ಪ್ರತಿ ಫರ್ಝ್ ನಮಾಝ್‌ಗೆ ಸಮಯವಾದ ಮೇಲೆ ವುಝೂ ಮಾಡಬೇಕು, ನಮಾಝ್ ಬಿಡಬಾರದು. ಆತ ಸಮಾಧಾನದಿಂದ ಹೋದ. ಸರಿಯಾದ ಉತ್ತರ ಕೊಟ್ಟೆ ಎಂದು ನನಗೂ ಸಮಾಧಾನವಾಯಿತು.

ಆರೇಳು ತಿಂಗಳ ನಂತರ ಆತ ಮತ್ತೆ ಬಂದ. ಈಗ ರಕ್ತ ಜಾಸ್ತಿಯಾಗಿದೆ, ಕೆಟ್ಟ ವಾಸನೆಯ ನೀರೂ ಹೋಗುತ್ತಿದೆ, ಬಟ್ಟೆಯ ತಹಾರತ್ ಹೇಗೆ ಎಂದು ಕೇಳಿದ. ಆಗಲೂ ನಾನು ತಹಾರತ್‌ನ ಮಾತೇ ಹೇಳಿದೆ. “ಡಾಕ್ಟರಿಗೆ ತೋರಿಸಿದ್ದೀರಾ?” ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಕೊನೆಗೆ ಸೊಂಟದ ನೋವು ತಾಳಲಾರದೆ ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ಗರ್ಭಕೊರಳಿನ ಕ್ಯಾನ್ಸರ್ ಮೂತ್ರಚೀಲದವರೆಗೆ ಹರಡಿತ್ತು. ಮುಂದಿನ ರಮಝಾನ್‌ಗೆ ಅವರು ಇರಲಿಲ್ಲ. ಜನಾಝಾ ನಮಾಝ್‌ಗೆ ಇಮಾಮ್ ಆಗಿ ನಿಂತವನು ನಾನೇ.

ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಕೇಳಿದವರಿಗೆ ಪೂರ್ತಿ ಉತ್ತರ ಕೊಡುವುದು ನನ್ನ ಕೈಯಲ್ಲಿತ್ತು. ನಾನು ಅರ್ಧ ಉತ್ತರ ಕೊಟ್ಟೆ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ.

ಎಲ್ಲ ರಕ್ತವೂ ಮುಟ್ಟಲ್ಲ

ಫಾತಿಮಾ ಬಿಂತ್ ಅಬೀ ಹುಬೈಶ್(ರ) ಎಂಬ ಸಹಾಬಿ ಮಹಿಳೆ ತಮಗೆ ರಕ್ತ ನಿಲ್ಲುತ್ತಲೇ ಇಲ್ಲವೆಂದು ಪ್ರವಾದಿ(ಸ)ರ ಬಳಿ ನೇರವಾಗಿ ಬಂದು ಕೇಳಿದ ಪ್ರಸಂಗ ಹದೀಸ್ ಓದಿದವರಿಗೆಲ್ಲ ಗೊತ್ತು. ಅದು ಮುಟ್ಟಲ್ಲ, ನರದಿಂದ ಬರುವ ರಕ್ತ ಎಂದು ಪ್ರವಾದಿ(ಸ) ಅವರಿಗೆ ತಿಳಿಸಿಕೊಟ್ಟರು. ಇಸ್ತಿಹಾಝಾದ ಇಡೀ ಅಧ್ಯಾಯ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ಮದ್ರಸಾದಲ್ಲಿ ಇದನ್ನು ನಾವು ನಮಾಝ್ ಮತ್ತು ಉಪವಾಸದ ಲೆಕ್ಕಕ್ಕಾಗಿ ಕಲಿಯುತ್ತೇವೆ, ಕಲಿಸುತ್ತೇವೆ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಮುಟ್ಟಿನದ್ದಲ್ಲದ ರಕ್ತಕ್ಕೆ ಬೇರೆ ಏನೋ ಕಾರಣವಿದೆ. ಆ ಕಾರಣ ಯಾವುದು, ಎಲ್ಲಿಂದ ಬರುತ್ತಿದೆ ಎಂದು ಹೇಳುವ ವಿದ್ಯೆ ಇಮಾಮನದ್ದಲ್ಲ, ವೈದ್ಯರದ್ದು.

ಇನ್ನೊಂದನ್ನೂ ಗಮನಿಸಿ. ಆ ಮಹಿಳೆ ಮಗನನ್ನು ಕಳಿಸಲಿಲ್ಲ, ಖುದ್ದಾಗಿ ಬಂದು ಕೇಳಿದರು. ನಾಚಿಕೆಯು ದೀನ್ ಕಲಿಯುವುದಕ್ಕೆ ಅಡ್ಡಿಯಾಗಲಿಲ್ಲ ಎಂದು ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದಾರೆ. ಲಜ್ಜೆ ಈಮಾನಿನ ಭಾಗವೇ ಹೌದು. ಆದರೆ ರೋಗವನ್ನು ಬಚ್ಚಿಟ್ಟುಕೊಂಡು ಸಾಯಬೇಕೆಂದು ಲಜ್ಜೆ ಕೇಳುವುದಿಲ್ಲ.

ಇದು ಯಾವ ರೋಗ?

ಹೆಣ್ಣಿನ ಗರ್ಭಕೋಶದ ಕೆಳತುದಿಯಲ್ಲಿ, ಯೋನಿಯ ಕಡೆಗೆ ತೆರೆದುಕೊಳ್ಳುವ ಕಿರಿದಾದ ಬಾಯಿ ಇದೆ. ಹೆರಿಗೆಯ ಹೊತ್ತಿಗೆ ತೆರೆದುಕೊಳ್ಳುವುದು ಇದೇ. ಇದಕ್ಕೆ ಗರ್ಭಕೊರಳು ಎನ್ನುತ್ತಾರೆ. ಇಲ್ಲಿ ಹುಟ್ಟುವ ಕ್ಯಾನ್ಸರೇ ಗರ್ಭಕೊರಳಿನ ಕ್ಯಾನ್ಸರ್. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವುದು ಇದೇ. 2022ರ ಅಂದಾಜಿನಂತೆ ಆ ಒಂದೇ ವರ್ಷ ನಮ್ಮ ದೇಶದಲ್ಲಿ ಸುಮಾರು 1 ಲಕ್ಷದ 27 ಸಾವಿರ ಮಹಿಳೆಯರಿಗೆ ಈ ರೋಗ ಬಂತು, ಸುಮಾರು 80 ಸಾವಿರ ಮಂದಿ ತೀರಿಹೋದರು. ಅಂದರೆ ದಿನಕ್ಕೆ 200ಕ್ಕೂ ಹೆಚ್ಚು ತಾಯಂದಿರು.

ಇದರ ಕಾರಣ ಗೊತ್ತಿದೆ. ಹೆಚ್ಚುಕಡಿಮೆ ಈ ಎಲ್ಲ ಕ್ಯಾನ್ಸರ್‌ಗೂ ಮೂಲ ಎಚ್‌ಪಿವಿ ಎಂಬ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ನೂರರಲ್ಲಿ ಎಪ್ಪತ್ತರಷ್ಟು ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣ.

ವೈರಸ್ ಹರಡುವುದು ದೇಹಸಂಬಂಧದಲ್ಲಿ, ಚರ್ಮಕ್ಕೆ ಚರ್ಮ ತಾಗಿ. ಒಂದೇ ತಟ್ಟೆಯಲ್ಲಿ ಊಟ ಮಾಡಿದರೆ, ಒಂದೇ ಶೌಚಾಲಯ ಬಳಸಿದರೆ, ರೋಗಿಯ ಬಟ್ಟೆ ಒಗೆದರೆ ಕ್ಯಾನ್ಸರ್ ಅಂಟುವುದಿಲ್ಲ. ಮನೆಯಲ್ಲಿ ರೋಗಿ ಇದ್ದರೆ ಅವರಿಗೆ ಬೇರೆ ಲೋಟ, ಬೇರೆ ಚಾಪೆ ಎಂದು ಮಾಡುವುದು ಅನ್ಯಾಯ.

ದಾಂಪತ್ಯ ಜೀವನ ನಡೆಸುವ ಗಂಡು ಹೆಣ್ಣುಗಳಲ್ಲಿ ಬಹುಪಾಲು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯ ದೇಹ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಹೊರಹಾಕುತ್ತದೆ. ಅವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಕೆಲವೇ ಮಹಿಳೆಯರಲ್ಲಿ ಅದು ಉಳಿದುಕೊಂಡು ಗರ್ಭಕೊರಳಿನ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಕೆಟ್ಟ ಕೋಶ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಧೂಮಪಾನ, ದೇಹದ ರೋಗನಿರೋಧಕ ಶಕ್ತಿ ಕುಗ್ಗಿರುವುದು, ಬಹಳ ಚಿಕ್ಕ ವಯಸ್ಸಿನ ಮದುವೆ, ಹೆಚ್ಚು ಹೆರಿಗೆಗಳು ಅಪಾಯವನ್ನು ಹೆಚ್ಚಿಸುತ್ತವೆ.

15–20 ವರ್ಷ ಎಂಬ ಮಾತನ್ನು ಮತ್ತೊಮ್ಮೆ ಓದಿ. ಹೃದಯಾಘಾತದಂತೆ ರಾತ್ರೋರಾತ್ರಿ ಬರುವ ರೋಗವಲ್ಲ ಇದು. ಅಷ್ಟು ವರ್ಷ ನಮಗೆ ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿದರೂ ಕ್ಯಾನ್ಸರ್ ಆಗುವ ಮೊದಲೇ ಹಿಡಿಯಬಹುದು. ಆದರೆ ನಮ್ಮ ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿದವರು ಸುಮಾರು ಇಬ್ಬರು ಮಾತ್ರ ಎಂದು ಸರಕಾರದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ಸಮುದಾಯ ಮಾತ್ರವಲ್ಲ, ಇಡೀ ದೇಶವೇ ಹಿಂದಿದೆ.

ಈ ಲಕ್ಷಣಗಳಿದ್ದರೆ ಕಾಯಬೇಡಿ

ಆರಂಭದಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ನೋವೂ ಇರುವುದಿಲ್ಲ. ಮುಂದೆ ಕಾಣುವ ಲಕ್ಷಣಗಳು ಇವು:

ಮುಟ್ಟು ಪೂರ್ತಿ ನಿಂತುಹೋದ ಮೇಲೆ ಮತ್ತೆ ರಕ್ತ ಕಾಣುವುದು, ಒಂದು ಹನಿಯಾದರೂ ಸರಿ.

ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು.

ಗಂಡ ಹೆಂಡತಿ ಸೇರಿದ ನಂತರ ರಕ್ತ ಕಾಣುವುದು.

ಕೆಟ್ಟ ವಾಸನೆಯ, ನೀರಿನಂಥ ಅಥವಾ ರಕ್ತ ಬೆರೆತ ಬಿಳಿಸೆರಗು.

ಬಿಡದೆ ಕಾಡುವ ಕಿಬ್ಬೊಟ್ಟೆ ನೋವು, ಸೊಂಟನೋವು, ಒಂದು ಕಾಲು ಊದಿಕೊಳ್ಳುವುದು.

ಇವು ಇದ್ದವರಿಗೆಲ್ಲ ಕ್ಯಾನ್ಸರೇ ಎಂದು ಹೆದರಬೇಡಿ. ಹೆಚ್ಚಿನವರಿಗೆ ಬೇರೆ ಸಣ್ಣ ಕಾರಣವಿರುತ್ತದೆ. ಆದರೆ ಅದು ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಇಂಥ ಲಕ್ಷಣ ಇರುವವರು ಶಿಬಿರ ಬರಲಿ ಎಂದೂ ಕಾಯಬಾರದು, ಒಂದೆರಡು ವಾರದೊಳಗೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.

ನನ್ನ ಇಮಾಮ್ ಸಹೋದರರಿಗೂ ಮದ್ರಸಾದ ಆಲಿಮಾಗಳಿಗೂ ಒಂದು ವಿನಂತಿ. ರಕ್ತದ ಮಸ್‌ಅಲ ಕೇಳಿ ಯಾರಾದರೂ ಬಂದರೆ ಉತ್ತರದ ಕೊನೆಗೆ ಒಂದು ಸಾಲು ಸೇರಿಸಿ: “ನಮಾಝ್‌ನ ವಿಷಯ ಹೀಗೆ. ಇದನ್ನು ಡಾಕ್ಟರಿಗೂ ತೋರಿಸಿ.” ಇಷ್ಟು ಸಾಕು.

ಪರೀಕ್ಷೆ ಎಂದರೆ ಏನು ಮಾಡುತ್ತಾರೆ?

ಏನು ಮಾಡುತ್ತಾರೆಂದು ಗೊತ್ತಿಲ್ಲದೆಯೇ ಅನೇಕರು ಹೆದರುತ್ತಾರೆ. ಯಾವ ತೊಂದರೆಯೂ ಇಲ್ಲದ ಮಹಿಳೆಯರಿಗೆ ಮುಂಜಾಗ್ರತೆಯಾಗಿ ಮಾಡುವ ಪರೀಕ್ಷೆಗಳು ಮೂರು ಬಗೆ.

ಮೊದಲನೆಯದು ವಿನೆಗರ್ ಪರೀಕ್ಷೆ. ನಾವು ಉಪ್ಪಿನಕಾಯಿಗೆ, ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿ ಗರ್ಭಕೊರಳಿಗೆ ಹಚ್ಚುತ್ತಾರೆ. ಒಂದು ನಿಮಿಷ ಬಿಟ್ಟು ದೀಪ ಹಿಡಿದು ನೋಡುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಕೂಡ ಇದನ್ನು ಮಾಡಬಲ್ಲರು, ಫಲಿತಾಂಶ ಅಲ್ಲೇ ತಿಳಿಯುತ್ತದೆ. ಮುಟ್ಟು ನಿಂತ ಹಿರಿಯ ಮಹಿಳೆಯರಿಗೆ ಇದು ಅಷ್ಟಾಗಿ ಹೊಂದುವುದಿಲ್ಲ, ಅವರಿಗೆ ಮುಂದಿನ ಎರಡರಲ್ಲಿ ಒಂದು ಬೇಕು.

ಎರಡನೆಯದು ಪ್ಯಾಪ್ ಪರೀಕ್ಷೆ. ಸಣ್ಣ ಬ್ರಶ್‌ನಿಂದ ಗರ್ಭಕೊರಳನ್ನು ಮೆಲ್ಲಗೆ ಸವರಿ ಕೋಶಗಳನ್ನು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ.

ಮೂರನೆಯದು ಎಚ್‌ಪಿವಿ ಪರೀಕ್ಷೆ. ಇದರಲ್ಲಿ ವೈರಸ್ ಇದೆಯೇ ಎಂದೇ ನೋಡುತ್ತಾರೆ. ಮೂರರಲ್ಲಿ ಹೆಚ್ಚು ನಿಖರವಾದದ್ದು ಇದು, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಮೊದಲು ಹೇಳುತ್ತದೆ. ಕೆಲವು ಕಡೆ ಮಹಿಳೆಯೇ ಪರದೆಯ ಹಿಂದೆ ಹೋಗಿ ಹತ್ತಿಯ ಕಡ್ಡಿಯಂಥದ್ದರಿಂದ ತಾನೇ ಮಾದರಿ ತೆಗೆದು ಕೊಡುವ ಸೌಕರ್ಯವೂ ಇದೆ. ಆಗ ಬೇರೆಯವರು ನೋಡುವ ಪ್ರಶ್ನೆಯೇ ಬರುವುದಿಲ್ಲ. ಪರೀಕ್ಷೆಗೆ ಹೋದಾಗ ಈ ಸೌಕರ್ಯ ಇದೆಯೇ ಎಂದು ಕೇಳಿ.

ಮೂರೂ ಕೆಲವೇ ನಿಮಿಷಗಳ ಕೆಲಸ. ಅರಿವಳಿಕೆ ಬೇಡ, ದಾಖಲಾಗಬೇಕಾಗಿಲ್ಲ. ಸ್ವಲ್ಪ ಮುಜುಗರ, ಸ್ವಲ್ಪ ಒತ್ತಿದಂತೆ ಅನಿಸುತ್ತದೆ, ಅಷ್ಟೇ. ಮುಟ್ಟಿನ ದಿನಗಳಲ್ಲಿ ಮಾಡಿಸಬೇಡಿ. ಒಳಗೆ ಉಪಕರಣ ಇಡುವುದರಿಂದ ಉಪವಾಸದ ಮಸ್‌ಅಲ ಬರುತ್ತದೆ. ಆದ್ದರಿಂದ ಮುಂಜಾಗ್ರತೆಯ ಪರೀಕ್ಷೆಯನ್ನು ರಮಝಾನ್ ಹಗಲಿನಲ್ಲಿ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ರಕ್ತ ಹೋಗುತ್ತಿರುವವರಿಗೆ ಈ ಮಾತಲ್ಲ. ಅವರು ರಮಝಾನ್ ಮುಗಿಯಲೆಂದು ಕಾಯಬೇಕಾಗಿಲ್ಲ.

ಸರಕಾರದ ಕ್ರಮದಂತೆ 30ರಿಂದ 65 ವಯಸ್ಸಿನವರು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಥವಾ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಎಲ್ಲಿ, ಯಾವ ದಿನ ಮಾಡುತ್ತಾರೆಂದು ಅವರು ಹೇಳುತ್ತಾರೆ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ? ನಮ್ಮ ಬೀದರ್, ಕಲಬುರಗಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗ ಧಾರಾಶಿವ್) 30ರಿಂದ 59 ವಯಸ್ಸಿನ 1 ಲಕ್ಷದ 31 ಸಾವಿರ ಹಳ್ಳಿ ಮಹಿಳೆಯರನ್ನು ಸೇರಿಸಿ ದೊಡ್ಡ ಅಧ್ಯಯನ ನಡೆಯಿತು. ಎಚ್‌ಪಿವಿ ಪರೀಕ್ಷೆ ಒಂದೇ ಒಂದು ಬಾರಿ ಮಾಡಿದ ಹಳ್ಳಿಗಳಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು ಎಂದು 2009ರಲ್ಲಿ ಪ್ರಕಟವಾಯಿತು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ವಿನೆಗರ್ ಪರೀಕ್ಷೆಯನ್ನು ನೋಡಿದರು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಅಲ್ಲಿ ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು.

ಪರೀಕ್ಷೆಯಲ್ಲಿ ಏನಾದರೂ ಕಂಡರೆ ಅದು ಕ್ಯಾನ್ಸರ್ ಎಂದಲ್ಲ. ಅದು ಕ್ಯಾನ್ಸರ್‌ಗೆ ಮುಂಚಿನ ಹಂತವಾಗಿರಬಹುದು. ಬಿಸಿ ಅಥವಾ ತಣ್ಣನೆಯ ಉಪಕರಣದಿಂದ ಆ ಜಾಗವನ್ನು ನಾಶಮಾಡುತ್ತಾರೆ, ಅಥವಾ ಅಷ್ಟು ಭಾಗವನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು, ಗರ್ಭಕೋಶ ತೆಗೆಯಬೇಕಾಗಿಲ್ಲ. ಕ್ಯಾನ್ಸರೇ ಆಗಿದ್ದರೂ ಮೊದಲ ಹಂತದಲ್ಲಿ ಸಿಕ್ಕಿದರೆ ಹೆಚ್ಚಿನವರು ಗುಣವಾಗುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರಕಾರದ್ದೇ, ಕ್ಯಾನ್ಸರ್ ಚಿಕಿತ್ಸೆಗೆಂದೇ ಇರುವಂಥದ್ದು.

ಹೆಣ್ಣುಮಕ್ಕಳಿಗೆ ಲಸಿಕೆ

ಪರೀಕ್ಷೆ ತಾಯಂದಿರಿಗೆ, ಲಸಿಕೆ ಹೆಣ್ಣುಮಕ್ಕಳಿಗೆ. 9ರಿಂದ 14 ವಯಸ್ಸು ಇದಕ್ಕೆ ಅತ್ಯುತ್ತಮ. ವೈರಸ್ ತಗಲುವ ಮೊದಲೇ ಕೊಟ್ಟರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದ್ದರಿಂದಲೇ ಇಷ್ಟು ಬೇಗ. ತೋಳಿಗೆ ಕೊಡುವ ಚುಚ್ಚುಮದ್ದು, ಬೇರೆ ಯಾವ ತಪಾಸಣೆಯೂ ಬೇಡ. ಈ ವಯಸ್ಸಿನವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದವರಿಗೆ ಮೂರು ಡೋಸ್ ಎಂಬುದು ಮೊದಲಿನ ಕ್ರಮ. 9ರಿಂದ 20 ವಯಸ್ಸಿನವರಿಗೆ ಒಂದು ಡೋಸ್ ಕೊಟ್ಟರೂ ಆದೀತು ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಿಮ್ಮ ಮಗಳಿಗೆ ಎಷ್ಟು ಬೇಕೆಂದು ವೈದ್ಯರು ಹೇಳುತ್ತಾರೆ.

ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಎಂಬ ನಮ್ಮ ದೇಶದ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ವಿದೇಶಿ ಲಸಿಕೆಗಿಂತ ಅದರ ಬೆಲೆ ಕಡಿಮೆ. ಖಾಸಗಿಯಲ್ಲಿ ದುಡ್ಡು ಕೊಡುವ ಮೊದಲು ಸರಕಾರಿ ಆಸ್ಪತ್ರೆಯಲ್ಲಿ, ಮಗಳ ಶಾಲೆಯಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂದು ಕೇಳಿ. ಸಿಕ್ಕಿಂ ರಾಜ್ಯ 2018ರಲ್ಲೇ ತನ್ನ ಹೆಣ್ಣುಮಕ್ಕಳಿಗೆ ಶಾಲೆಗಳಲ್ಲಿ ಇದನ್ನು ಕೊಟ್ಟಿತು. ಸ್ಕಾಟ್‌ಲೆಂಡ್‌ನಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆ ಪಡೆದವರನ್ನು ವರ್ಷಗಳ ನಂತರ ನೋಡಿದಾಗ ಅವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿರಲಿಲ್ಲ ಎಂದು 2024ರಲ್ಲಿ ವರದಿಯಾಯಿತು.

ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನು ತಡೆಯುವುದಿಲ್ಲ. ಆದ್ದರಿಂದ ಲಸಿಕೆ ಪಡೆದ ಹುಡುಗಿಯೂ 30ರ ನಂತರ ಪರೀಕ್ಷೆ ಮಾಡಿಸಬೇಕು.

ಜುಮಾದ ನಂತರ ಬಂದ ಪ್ರಶ್ನೆಗಳು

*ನಮ್ಮ ಹೆಣ್ಣುಮಕ್ಕಳು ಮರ್ಯಾದೆಯಿಂದ ಇರುವವರು. ಅವರಿಗೇಕೆ ಈ ಲಸಿಕೆ?*

ಅಲ್ಹಮ್ದುಲಿಲ್ಲಾಹ್, ಅವರು ಹಾಗೆಯೇ ಇರಲಿ. ಆದರೆ ನಾಳೆ ಅವಳಿಗೂ ಮದುವೆಯಾಗುತ್ತದೆ. ಬರುವ ಅಳಿಯನ ದೇಹದಲ್ಲಿ ವೈರಸ್ ಇದೆಯೋ ಇಲ್ಲವೋ ಎಂದು ನೋಡಲು ಗಂಡಸರಿಗೆ ವಾಡಿಕೆಯ ಪರೀಕ್ಷೆಯೇ ಇಲ್ಲ. ಆತನಿಗೂ ಗೊತ್ತಿರುವುದಿಲ್ಲ. ಆತ ಮೊದಲೊಂದು ನಿಕಾಹ್ ಆಗಿ ಹೆಂಡತಿಯನ್ನು ಕಳೆದುಕೊಂಡವನಿರಬಹುದು. ಮಗಳ ನಡತೆಗೂ ಲಸಿಕೆಗೂ ಸಂಬಂಧ ಕಟ್ಟಬೇಡಿ. ಸಣ್ಣ ಮಗುವಿಗೆ ಪೋಲಿಯೋ ಹನಿ ಹಾಕಿಸಿದಂತೆ ಇದು.

*ಲಸಿಕೆಯಲ್ಲಿ ಹರಾಮ್ ವಸ್ತು ಇದೆಯೇ? ಮಕ್ಕಳಾಗುವುದಿಲ್ಲವಂತೆ, ನಿಜವೇ?*

ಲಸಿಕೆಯಲ್ಲಿ ಇರುವುದು ವೈರಸ್‌ನ ಹೊರಕವಚದಂತೆ ಕಾಣುವ ಪ್ರೋಟೀನ್, ಜೀವಂತ ವೈರಸ್ ಅಲ್ಲ. ಸರ್ವಾವ್ಯಾಕ್‌ಗೂ ಗಾರ್ಡಸಿಲ್‌ಗೂ ಆ ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಜನ ಹೆದರುವ ಹಂದಿಯ ಜೆಲಾಟಿನ್ ಇದರಲ್ಲಿಲ್ಲ. ಬಂಜೆತನ ಬರುತ್ತದೆ ಎಂಬುದು ಸುಳ್ಳು. ಚುಚ್ಚಿದ ಜಾಗದಲ್ಲಿ ನೋವು, ಒಂದು ದಿನ ಸಣ್ಣ ಜ್ವರ ಬರಬಹುದು. ಕೆಲವು ಮಕ್ಕಳಿಗೆ ತಲೆಸುತ್ತು ಬರುವುದರಿಂದ ಕೊಟ್ಟ ನಂತರ ಕಾಲು ಗಂಟೆ ಕೂರಿಸುತ್ತಾರೆ. ಮಲೇಷ್ಯಾ 2010ರಿಂದ ಶಾಲೆಯ ಹುಡುಗಿಯರಿಗೆ ಇದನ್ನು ಕೊಡುತ್ತಿದೆ. ಬಾಂಗ್ಲಾದೇಶ 2023ರಲ್ಲಿ, ಪಾಕಿಸ್ತಾನ 2025ರಲ್ಲಿ ಆರಂಭಿಸಿದವು. ಪಾಕಿಸ್ತಾನದಲ್ಲಿ ವದಂತಿ ಹರಡಿದಾಗ ಅಲ್ಲಿನ ಆರೋಗ್ಯ ಸಚಿವರು ಜನರೆದುರೇ ತಮ್ಮ ಮಗಳಿಗೆ ಲಸಿಕೆ ಹಾಕಿಸಿದರು.

*ನಮಗೆ ಸುನ್ನತ್ ಆಗಿದೆಯಲ್ಲ, ನಮ್ಮ ಹೆಂಗಸರಿಗೆ ಈ ರೋಗ ಬರುವುದಿಲ್ಲವಂತೆ?*

ಸುನ್ನತ್ ಆದ ಗಂಡಸರಲ್ಲಿ ಈ ವೈರಸ್ ಕಡಿಮೆ ಕಾಣುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿರುವುದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ನಾನು ಮೇಲೆ ಹೇಳಿದ ತಾಯಿ ನಮ್ಮ ಜಮಾಅತ್‌ನವರೇ ಆಗಿದ್ದರು.

*ಪುರುಷ ಡಾಕ್ಟರ್ ಇದ್ದರೆ ತೋರಿಸಬಹುದೇ?*

ಮೊದಲು ಮಹಿಳಾ ವೈದ್ಯರನ್ನೋ ನರ್ಸನ್ನೋ ಹುಡುಕಬೇಕು. ಇಂದು ಹೆಚ್ಚಿನ ಊರುಗಳಲ್ಲಿ ಸಿಗುತ್ತಾರೆ. ಸಿಗದಿದ್ದಾಗ, ರೋಗದ ಅಗತ್ಯವಿದ್ದಾಗ, ಪುರುಷ ವೈದ್ಯರು ಅಗತ್ಯದಷ್ಟು ಮಾತ್ರ ನೋಡುವುದಕ್ಕೆ ಉಲಮಾಗಳು ಅನುಮತಿ ಕೊಟ್ಟಿದ್ದಾರೆ. ಗಂಡನೋ ಮಹ್ರಮ್ ಆದವರೋ, ಇಲ್ಲವೇ ಒಬ್ಬ ಹೆಂಗಸೋ ಜೊತೆಗಿರಲಿ. ಮಹಿಳಾ ವೈದ್ಯರಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆಯನ್ನೇ ಬಿಡುವುದು ಸರಿಯಲ್ಲ.

*ಹೆಂಡತಿಯ ರಿಪೋರ್ಟ್‌ನಲ್ಲಿ ಎಚ್‌ಪಿವಿ ಬಂದಿದೆ. ಎಲ್ಲಿಂದ ಬಂತು?*

ಇದನ್ನು ಗಲ್ಫ್‌ನಲ್ಲಿರುವ ಒಬ್ಬ ಯುವಕ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳಿದ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನು. ಸ್ವರದಲ್ಲೇ ಸಂಶಯ ಗೊತ್ತಾಗುತ್ತಿತ್ತು. ತಲಾಕ್‌ನ ಮಾತೂ ಬಾಯಿಗೆ ಬಂತು. ಆತನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಈ ವೈರಸ್ ದೇಹದಲ್ಲಿ ಸದ್ದಿಲ್ಲದೆ ಹತ್ತು, ಇಪ್ಪತ್ತು ವರ್ಷ ಕೂತಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂದು ಜಗತ್ತಿನ ಯಾವ ಲ್ಯಾಬ್‌ನ ರಿಪೋರ್ಟೂ ಹೇಳುವುದಿಲ್ಲ. ಅದು ನಿನ್ನಿಂದಲೇ ಬಂದಿರಬಹುದು, ನಿನಗೇ ಗೊತ್ತಿಲ್ಲದೆ. ಪತಿವ್ರತೆಯ ಮೇಲೆ ಸಾಕ್ಷಿಯಿಲ್ಲದೆ ಆರೋಪ ಹೊರಿಸುವುದು ಶರೀಅತ್‌ನಲ್ಲಿ ಎಷ್ಟು ದೊಡ್ಡ ಪಾಪವೆಂದು ಗೊತ್ತಲ್ಲ? ಒಂದು ಲ್ಯಾಬ್ ಚೀಟಿ ಸಾಕ್ಷಿಯಾಗುವುದಿಲ್ಲ. ಅವಳಿಗೆ ಈಗ ಬೇಕಾದದ್ದು ಮುಂದಿನ ಪರೀಕ್ಷೆ, ಮತ್ತು ನಿನ್ನ ಸಮಾಧಾನದ ಮಾತು.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, “ನಾಳೆ ಅವಳನ್ನು ಯಾರು ಕರೆದುಕೊಂಡು ಹೋಗುವುದು ಉಸ್ತಾದ್?” ಎಂದ. ಆತನ ತಂಗಿ ಕರೆದುಕೊಂಡು ಹೋದಳು. ಮುಂದಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ತಿಳಿಯಿತು. ವೈದ್ಯರು ಹೇಳಿದ ದಿನಕ್ಕೆ ಮತ್ತೆ ತೋರಿಸುತ್ತಾರೆ.

ಜಮಾಅತ್ ಏನು ಮಾಡಬಹುದು?

ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಮಿಟಿಯವರು ಹೋಗಿ ಕಂಡು ಒಂದು ಶಿಬಿರ ಕೇಳಬಹುದು. ಮದ್ರಸಾದ ರಜೆಯ ದಿನ ಕಟ್ಟಡ ಖಾಲಿ ಇರುತ್ತದೆ. ಪರದೆ, ಮಂಚ, ನೀರು, ಮಹಿಳಾ ಸಿಬ್ಬಂದಿ ಇದ್ದರೆ ಸಾಕು. ಅಲ್ಲಿಗೆ ಗಂಡಸರು ಯಾರೂ ಬರಬಾರದು. ಹೆಸರಿನ ಪಟ್ಟಿ ಸಿಸ್ಟರ್ ಬಳಿಯೇ ಇರಲಿ, ಕಮಿಟಿಯ ಕೈಗೆ ಬರುವುದು ಬೇಡ. ಯಾರಿಗೆ ಏನು ಬಂತು ಎಂಬುದು ಆ ಮಹಿಳೆಯ ಅಮಾನತ್.

ಮುಂದಿನ ಪರೀಕ್ಷೆಗೆ ಪೇಟೆಗೆ ಹೋಗಬೇಕಾದ ಬಡ ತಾಯಂದಿರ ಬಸ್ ಚಾರ್ಜು, ಲ್ಯಾಬ್ ಖರ್ಚನ್ನು ಬೈತುಲ್ ಮಾಲ್‌ನಿಂದ ಕೊಡಬಹುದು. ಶಿಬಿರದಲ್ಲಿ ತೊಂದರೆ ಕಂಡುಬಂದ ಮಹಿಳೆ ದುಡ್ಡಿಲ್ಲದೆ ಅಲ್ಲಿಗೇ ನಿಂತುಬಿಟ್ಟರೆ ಶಿಬಿರ ಮಾಡಿಯೂ ಪ್ರಯೋಜನವಿಲ್ಲ.

ಗಂಡಂದಿರೇ, ನಿಮ್ಮ ಪಾಲು ಇನ್ನೂ ಸುಲಭ. “ಹೋಗಿ ಬಾ” ಎಂದು ಹೇಳಿ ಸುಮ್ಮನಾಗಬೇಡಿ. ಅವಳು ಹೋಗುವುದಿಲ್ಲ. ಮನೆಕೆಲಸ, ಮಕ್ಕಳು, ಅತ್ತೆ ಮಾವ ಎಲ್ಲ ಮುಗಿದ ಮೇಲೆ ತನ್ನ ದೇಹವನ್ನು ನೆನೆಯುವ ಅಭ್ಯಾಸ ನಮ್ಮ ಹೆಂಗಸರಿಗಿಲ್ಲ. ಒಂದು ದಿನ ರಜೆ ಹಾಕಿ, ಮಕ್ಕಳನ್ನು ನೀವು ನೋಡಿಕೊಳ್ಳಿ, ಇಲ್ಲವೇ ಜೊತೆಗೆ ಹೋಗಿ. ಬೀಡಿ ಸಿಗರೇಟು ಬಿಡಿ. ಮಗನಾದವನು ಉಮ್ಮನನ್ನು ನಾಚಿಕೆ ಪಡಿಸದೆ ಅಕ್ಕನ ಮೂಲಕ, ಹೆಂಡತಿಯ ಮೂಲಕ ಕೇಳಿಸಲಿ.

ದೇಹ ನಮ್ಮ ಸ್ವಂತದ್ದಲ್ಲ, ಅಲ್ಲಾಹನು ನೋಡಿಕೊಳ್ಳಲು ಕೊಟ್ಟ ಅಮಾನತ್. ರೋಗವನ್ನು ಕೊಟ್ಟವನು ಮದ್ದನ್ನೂ ಇಳಿಸಿದ್ದಾನೆ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿಹಾಕಿದ ನಂತರದ ಭರವಸೆ ಎಂದು ಮದ್ರಸಾದ ಸಣ್ಣ ಮಕ್ಕಳಿಗೂ ಗೊತ್ತು.

ಈಗ ಯಾರಾದರೂ ಮಗ್ರಿಬ್ ನಂತರ ಚಪ್ಪಲಿ ಇಡುವಲ್ಲಿ ಕಾದು ನಿಂತು “ಉಮ್ಮನಿಗೆ ಒಂದು ಮಸ್‌ಅಲ” ಎಂದರೆ ನಾನು ಮೊದಲು ಉಮ್ಮನ ವಯಸ್ಸು ಕೇಳುತ್ತೇನೆ. ಮಸ್‌ಅಲ ಹೇಳುತ್ತೇನೆ. ಆಮೇಲೆ, “ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಡಾಕ್ಟರ್ ಬಳಿ ಕರೆದುಕೊಂಡು ಹೋಗುತ್ತೀಯಾ?” ಎಂದು ಕೇಳದೆ ಬಿಡುವುದಿಲ್ಲ.

ಅಲ್ಲಾಹನು ಆ ತಾಯಿಗೆ ಮಗ್‌ಫಿರತ್ ನೀಡಲಿ, ನನ್ನ ಕೊರತೆಯನ್ನು ಕ್ಷಮಿಸಲಿ. ರೋಗದಲ್ಲಿರುವ ನಮ್ಮ ತಾಯಂದಿರಿಗೆ, ಸಹೋದರಿಯರಿಗೆ ಶಿಫಾ ಕೊಡಲಿ, ಅವರನ್ನು ನೋಡಿಕೊಳ್ಳುವವರಿಗೆ ತಾಳ್ಮೆಯನ್ನೂ ಕರು­ಣೆಯನ್ನೂ ಕೊಡಲಿ. ಆಮೀನ್.